ತಪ್ಪು ಉತ್ತರದ ಪಕ್ಕ ಬಂದು ಕೂರುವ ಮೇಷ್ಟ್ರು

ಪ್ರಶ್ನೆ: ನಾನು ಗಣಿತದ ಟೀಚರ್. ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುತ್ತೇನೆ. ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ನನ್ನದು ಮೆತ್ತಗಿನ ದನಿ. ಜೋಕ್ ಹೇಳಲು ಬರುವುದಿಲ್ಲ, ಕಥೆ ಕಟ್ಟಿ ಹೇಳಲೂ ಬರುವುದಿಲ್ಲ. ಪಕ್ಕದ ಕ್ಲಾಸಿನಿಂದ ದಿನಾ ನಗು ಕೇಳಿಸುತ್ತದೆ. ಆ ಮೇಷ್ಟ್ರನ್ನು ಕಂಡರೆ ಮಕ್ಕಳು ಓಡಿಬರುತ್ತಾರೆ. ನನ್ನ ಕ್ಲಾಸು ಗಲಾಟೆ ಇಲ್ಲದೆ ನಡೆಯುತ್ತದೆ, ಅಷ್ಟೇ. ಕೊನೇ ಬೆಂಚಿನ ಒಬ್ಬ ಹುಡುಗ ಇಡೀ ವರ್ಷ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಜನ ಜೀವನಪೂರ್ತಿ ನೆನಪಿಟ್ಟುಕೊಳ್ಳುವ ಮೇಷ್ಟ್ರುಗಳಲ್ಲಿ ಅಂಥದ್ದೇನಿರುತ್ತದೆ? ಅದು ಹುಟ್ಟಿನಿಂದಲೇ ಬರಬೇಕಾ, ಕಲಿಯಬಹುದಾ?

ಉತ್ತರ: ಕಲಿಯಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದ ತುಂಬ ಆ ಆತಂಕವೇ ಇದೆ. ಜೋರು ದನಿ ಬೇಕಾಗಿಲ್ಲ. ಜೋಕೂ ಬೇಕಾಗಿಲ್ಲ. ಇಪ್ಪತ್ತೈದು ವರ್ಷದಿಂದ ಟೀಚರ್‌ಗಳಿಗೆ ತರಬೇತಿ ಕೊಡುತ್ತಿದ್ದೇನೆ. ನೂರಾರು ಕ್ಲಾಸುಗಳ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿದ್ದೇನೆ. ನಾನು ಕಂಡ ತುಂಬ ಒಳ್ಳೆಯ ಟೀಚರ್‌ಗಳಲ್ಲಿ ಕೆಲವರ ಮಾತು ನಾನು ಕೂತಲ್ಲಿಗೆ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಆದರೆ ನನ್ನ ಪಕ್ಕದಲ್ಲಿ ಕೂತ ಮಗು ಗೊಣಗಿದ್ದು ಅವರಿಗೆ ಅಲ್ಲಿಂದಲೇ ಕೇಳಿಸುತ್ತಿತ್ತು.

ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಕಲಸಿಹೋಗಿವೆ. ಮಕ್ಕಳಿಗೆ ಇಷ್ಟವಾಗುವುದು ಒಂದು. ಮಕ್ಕಳು ಕಲಿಯುವುದು ಇನ್ನೊಂದು. ಮೂವತ್ತು ವರ್ಷ ಕಳೆದ ಮೇಲೂ ನೆನಪಿನಲ್ಲಿ ಉಳಿಯುವುದು ಮತ್ತೊಂದು. ಮೂರೂ ಒಬ್ಬರಲ್ಲೇ ಸಿಗಬಹುದು. ಆದರೆ ಒಂದು ಇದ್ದರೆ ಉಳಿದೆರಡು ತಾನಾಗಿ ಬರುತ್ತವೆ ಅಂತಿಲ್ಲ.

ಇಷ್ಟವಾಗುವುದನ್ನೇ ತೆಗೆದುಕೊಳ್ಳಿ. ಅದು ಎಷ್ಟು ಬೇಗ ತೀರ್ಮಾನವಾಗಿಬಿಡುತ್ತದೆ ಗೊತ್ತಾ? 1993ರಲ್ಲಿ ನಳಿನಿ ಅಂಬಾಡಿ ಮತ್ತು ರಾಬರ್ಟ್ ರೋಸೆಂತಾಲ್ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ಮೇಷ್ಟ್ರುಗಳ ಪಾಠದಿಂದ ಬರೀ ಅರ್ಧ ನಿಮಿಷದಷ್ಟು ವಿಡಿಯೋ ಆರಿಸಿ, ದನಿ ತೆಗೆದು, ಅವರನ್ನು ಯಾವತ್ತೂ ನೋಡದವರಿಗೆ ತೋರಿಸಿದರು. ನೋಡಿದವರು ಕೊಟ್ಟ ಅಂಕಕ್ಕೂ, ಸೆಮಿಸ್ಟರ್ ಪೂರ್ತಿ ಪಾಠ ಕೇಳಿದ ವಿದ್ಯಾರ್ಥಿಗಳು ಕೊನೆಗೆ ಕೊಟ್ಟ ಅಂಕಕ್ಕೂ ಚೆನ್ನಾಗಿ ತಾಳೆಯಾಯಿತು. ಒಂದು ಮಾತೂ ಕೇಳಿಸಿಕೊಳ್ಳದೆ ಹೇಳಿದ್ದು ಅದು! ಇಷ್ಟವಾಗುವುದರಲ್ಲಿ ದೊಡ್ಡ ಪಾಲು ನಿಲ್ಲುವ ರೀತಿ, ಕೈ ಆಡಿಸುವ ರೀತಿ, ಮುಖದ ಕಳೆ.

ಕಲಿಯುವುದು ಬೇರೆ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಯಾವ ವಿದ್ಯಾರ್ಥಿಗೆ ಯಾವ ಮೇಷ್ಟ್ರು ಅನ್ನುವುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಎಲ್ಲರಿಗೂ ಒಂದೇ ಪಠ್ಯ, ಒಂದೇ ಪರೀಕ್ಷೆ. ಹಾಗಾಗಿ ಮೇಷ್ಟ್ರ ಪ್ರಭಾವವನ್ನು ಬೇರೆ ಮಾಡಿ ನೋಡಲು ಅದು ಹೇಳಿಮಾಡಿಸಿದ ಜಾಗ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅಲ್ಲಿನ 10 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ನೋಡಿ 2010ರಲ್ಲಿ ಬರೆದರು. ಆ ವರ್ಷದ ಗಣಿತ ಪರೀಕ್ಷೆಯಲ್ಲಿ ಚೆನ್ನಾಗಿ ಮಾರ್ಕ್ಸ್ ತೆಗೆಸಿದ, ವಿದ್ಯಾರ್ಥಿಗಳಿಂದಲೂ ಒಳ್ಳೆಯ ಅಂಕ ಪಡೆದ ಮೇಷ್ಟ್ರುಗಳ ಶಿಷ್ಯರು ಮುಂದಿನ ಹಂತದ ಕೋರ್ಸುಗಳಲ್ಲಿ ಹಿಂದೆ ಬಿದ್ದಿದ್ದರು. ಹೆಚ್ಚು ಅನುಭವ ಇದ್ದವರ ಶಿಷ್ಯರು ಆ ವರ್ಷ ಸ್ವಲ್ಪ ಕಡಿಮೆ ತೆಗೆದರೂ ಮುಂದೆ ಚೆನ್ನಾಗಿ ಮಾಡಿದರು. ಪರೀಕ್ಷೆಗೆ ಬೇಕಾದಷ್ಟನ್ನೇ ತಯಾರು ಮಾಡಿಸುವುದಕ್ಕೂ, ಬುಡದಿಂದ ಅರ್ಥ ಮಾಡಿಸುವುದಕ್ಕೂ ಇರುವ ವ್ಯತ್ಯಾಸ ಇದು ಅಂತ ನಾನು ತಿಳಿದುಕೊಂಡಿದ್ದೇನೆ. ಅರ್ಥ ಮಾಡಿಸಲು ಹೊರಟಾಗ ಮಕ್ಕಳ ತಲೆಗೆ ಕೆಲಸ ಜಾಸ್ತಿ. ಕೆಲಸ ಜಾಸ್ತಿಯಾದಾಗ ಕಲಿತ ಹಾಗೆ ಅನ್ನಿಸುವುದಿಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರದ ಕ್ಲಾಸುಗಳಲ್ಲಿ ಮಾಡಿದ, 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲೂ ಹೀಗೇ ಆಯಿತು. ಗುಂಪಿನಲ್ಲಿ ಕೂತು ತಾವೇ ಲೆಕ್ಕ ಬಿಡಿಸಿದವರು ಹೆಚ್ಚು ಕಲಿತಿದ್ದರು. ಆದರೆ ನಿರರ್ಗಳವಾದ ಉಪನ್ಯಾಸ ಕೇಳಿದವರಿಗೇ ತಾವು ಹೆಚ್ಚು ಕಲಿತೆವು ಅನ್ನಿಸಿತ್ತು.

ಇದನ್ನೆಲ್ಲ ಪಕ್ಕದ ಕ್ಲಾಸಿನ ಮೇಷ್ಟ್ರ ವಿರುದ್ಧ ಹೇಳುತ್ತಿಲ್ಲ. ನಗುವ ಕ್ಲಾಸಿಗೆ ಮಕ್ಕಳು ಹೆದರದೆ ಬರುತ್ತಾರೆ, ಅದು ಸಣ್ಣ ವಿಷಯ ಅಲ್ಲವೇ ಅಲ್ಲ. ಅವರ ಕ್ಲಾಸಿನಲ್ಲಿ ಪಾಠವೂ ಚೆನ್ನಾಗಿ ನಡೆಯುತ್ತಿರಬಹುದು. ಗೋಡೆಯ ಈಚೆಗೆ ಕೇಳಿಸುವ ನಗುವಿನಿಂದ ಅದು ಗೊತ್ತಾಗುವುದಿಲ್ಲ, ಅಷ್ಟೇ. ನಿಮ್ಮ ಕ್ಲಾಸಿನ ಮೌನದಿಂದಲೂ ಏನೂ ಗೊತ್ತಾಗುವುದಿಲ್ಲ. ಮಕ್ಕಳು ಯೋಚಿಸುವಾಗಲೂ ಕ್ಲಾಸು ಮೌನವಾಗಿರುತ್ತದೆ, ಹೆದರಿ ಕೂತಾಗಲೂ ಮೌನವಾಗಿರುತ್ತದೆ. ಯಾವ ಮೌನ ಅನ್ನುವುದು ಬೆಂಚುಗಳ ನಡುವೆ ಓಡಾಡಿದರೇ ತಿಳಿಯುವುದು.

ಈಗ ಮೂರನೆಯದು, ನೆನಪು.

ತರಬೇತಿಯ ಮೊದಲ ದಿನ ನಾನು ಎಲ್ಲರಿಂದ ಒಂದು ಪುಟ ಬರೆಸುತ್ತೇನೆ. ನಿಮಗೆ ಈಗಲೂ ನೆನಪಿರುವ ಒಬ್ಬ ಟೀಚರ್ ಬಗ್ಗೆ ಬರೆಯಿರಿ ಅನ್ನುತ್ತೇನೆ. ಇಷ್ಟು ವರ್ಷದಲ್ಲಿ ಆ ಪುಟಗಳ ದೊಡ್ಡ ಕಟ್ಟೇ ಆಗಿದೆ. ಅವನ್ನು ಓದುವಾಗ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪಾಠದ ಬಗ್ಗೆ ಬರೆಯುವವರು ಕಡಿಮೆ. ಬಹಳ ಜನ ಬರೆಯುವುದು ಒಂದೇ ಒಂದು ಗಳಿಗೆಯ ಬಗ್ಗೆ. 'ಹುಷಾರಿಲ್ಲದೆ ಒಂದು ವಾರ ಬಂದಿರಲಿಲ್ಲ. ಬಂದ ದಿನ ನೀನಿಲ್ಲದಾಗ ಇಷ್ಟು ಪಾಠ ಆಯ್ತು ಅಂತ ಚೀಟಿ ಬರೆದಿಟ್ಟಿದ್ದರು.' 'ನನ್ನ ಉತ್ತರ ತಪ್ಪಾಗಿತ್ತು, ಆದರೆ ನೀನು ಎಲ್ಲಿವರೆಗೆ ಸರಿ ಬಂದಿದ್ದೀಯ ನೋಡು ಅಂತ ಗೆರೆ ಹಾಕಿ ತೋರಿಸಿದರು.' 'ನಾನು ಎಡಗೈಯಲ್ಲಿ ಬರೆಯುತ್ತೇನೆ, ಮೊಣಕೈ ತಾಗದ ಹಾಗೆ ನನ್ನನ್ನು ಬೆಂಚಿನ ತುದಿಗೆ ಕೂರಿಸಿದರು.' ಇಂಥವು. ಎಲ್ಲದರ ಒಳಗೂ ಇರುವುದು ಒಂದೇ: ಆ ಟೀಚರ್ ನನ್ನನ್ನು ಗಮನಿಸಿದರು. ಕ್ಲಾಸಿನ ನಲವತ್ತು ತಲೆಗಳಲ್ಲಿ ಒಂದು ಅಂತ ನೋಡಲಿಲ್ಲ, ನನ್ನನ್ನೇ ನೋಡಿದರು.

ಫ್ರೆಂಚ್ ಲೇಖಕ ಆಲ್ಬರ್ಟ್ ಕಾಮು ಅವರ ಕಥೆ ನಿಮಗೆ ಗೊತ್ತಿರಬಹುದು. ಅವರು ಒಂದು ವರ್ಷದ ಮಗು ಕೂಡ ಆಗಿರಲಿಲ್ಲ, ಅಪ್ಪ 1914ರಲ್ಲಿ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ, ಕಿವಿಯೂ ಮಂದ. ಮನೆಗೆಲಸ ಮಾಡಿ ಮಕ್ಕಳನ್ನು ಸಾಕುತ್ತಿದ್ದರು. ಅಲ್ಜೀರ್ಸ್ ನಗರದ ಪ್ರಾಥಮಿಕ ಶಾಲೆಯಲ್ಲಿ ಲೂಯಿ ಜೆರ್ಮೈನ್ ಅನ್ನುವ ಮೇಷ್ಟ್ರು ಸಿಕ್ಕರು. ಹುಡುಗ ಬೇಗ ಕೆಲಸಕ್ಕೆ ಸೇರಿ ನಾಲ್ಕು ಕಾಸು ತರಲಿ ಅನ್ನುವುದು ಅಜ್ಜಿಯ ಹಟ. ಮೇಷ್ಟ್ರು ಅಜ್ಜಿಯ ಹತ್ತಿರ ಮಾತಾಡಿ ಒಪ್ಪಿಸಿದರು. ಸ್ಕಾಲರ್‌ಶಿಪ್ ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳದೆ ಪಾಠ ಹೇಳಿಕೊಟ್ಟರು. 1924ರಲ್ಲಿ ಹುಡುಗ ಹೈಸ್ಕೂಲು ಸೇರಿದ. 1957ರಲ್ಲಿ ಕಾಮು ಅವರಿಗೆ ನೊಬೆಲ್ ಬಂತು. ಗಲಾಟೆಯೆಲ್ಲ ಸ್ವಲ್ಪ ತಣ್ಣಗಾಗಲಿ ಅಂತ ಕಾದು, ನವೆಂಬರ್ 19ರಂದು ಅವರು ಆ ಮೇಷ್ಟ್ರಿಗೆ ಪತ್ರ ಬರೆದರು. ಸುದ್ದಿ ಬಂದಾಗ ಅಮ್ಮನ ನಂತರ ಮೊದಲು ನೆನಪಾದವರು ನೀವೇ ಅಂತ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 1959ರಲ್ಲಿ ಮೇಷ್ಟ್ರು ಬರೆದ ಇನ್ನೊಂದು ಪತ್ರ. ಕೆಲಸವನ್ನು ಮನಸ್ಸಿಟ್ಟು ಮಾಡುವ ಮೇಷ್ಟ್ರು ಮಕ್ಕಳನ್ನು ಅರಿಯುವ ಯಾವ ಅವಕಾಶವನ್ನೂ ಬಿಡುವುದಿಲ್ಲ, ಅಂಥ ಅವಕಾಶ ದಿನಾ ಸಿಗುತ್ತಲೇ ಇರುತ್ತದೆ ಅನ್ನುತ್ತಾರೆ ಅವರು. ಒಂದು ಉತ್ತರ, ಒಂದು ಸನ್ನೆ, ನಿಂತ ಭಂಗಿ, ಅಷ್ಟರಲ್ಲೇ ಎಷ್ಟೋ ತಿಳಿದುಬಿಡುತ್ತದೆ. ನೋಡಿ, ಶಿಷ್ಯನಿಗೆ ನೊಬೆಲ್ ಬಂದ ಮೇಲೂ ಆ ಮೇಷ್ಟ್ರು ತನ್ನ ಮಾತಿನ ಬಗ್ಗೆ, ತನ್ನ ದನಿಯ ಬಗ್ಗೆ ಬರೆಯಲಿಲ್ಲ. ಮಗುವಿನ ಉತ್ತರದ ಬಗ್ಗೆ, ಅದು ನಿಂತ ಭಂಗಿಯ ಬಗ್ಗೆ ಬರೆದರು.

ಗಣಿತದ ಕ್ಲಾಸಿನಲ್ಲಿ ಇದು ಹೇಗಿರುತ್ತದೆ? ನಾನೇ ಹಿಂದೆ ಕೂತು ನೋಡಿದ ಒಂದು ಪಾಠ ಹೇಳುತ್ತೇನೆ.

ದಶಮಾಂಶ ನಡೆಯುತ್ತಿತ್ತು. ಬೋರ್ಡಿನ ಮೇಲೆ 0.5 ಮತ್ತು 0.35. ಯಾವುದು ದೊಡ್ಡದು? ಒಬ್ಬ ಹುಡುಗಿ ಎದ್ದು '0.35' ಅಂದಳು. ಯಾರೋ ಕಿಸಕ್ಕನೆ ನಕ್ಕರು. ಟೀಚರ್ ತಪ್ಪು ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಚಾಕ್‌ಪೀಸ್ ಇಟ್ಟು, ಅವಳ ಬೆಂಚಿಗೆ ಬಂದು, ಪಕ್ಕದ ಮಗುವನ್ನು ಸ್ವಲ್ಪ ಸರಿಸಿ ಕೂತರು.

'ಹೇಗೆ ಯೋಚನೆ ಮಾಡಿದೆ ಹೇಳು ಪುಟ್ಟಿ.'

'ಮೂವತ್ತೈದು ಐದಕ್ಕಿಂತ ದೊಡ್ಡದಲ್ವಾ ಮಿಸ್.'

'ಹೌದು, ಮೂವತ್ತೈದು ಐದಕ್ಕಿಂತ ದೊಡ್ಡದೇ. ಸರಿ, 0.5 ಮತ್ತು 0.50. ಇವೆರಡರಲ್ಲಿ?'

'0.50' ಅಂದಳು ತಕ್ಷಣ.

ಟೀಚರ್ ಅವಳ ನೋಟ್‌ಬುಕ್ಕಿನಲ್ಲೇ ಒಂದು ಚೌಕ ಬರೆದರು. ಅಡ್ಡ ಗೆರೆ ಎಳೆದು ಹತ್ತು ಪಟ್ಟಿ ಮಾಡಿದರು. ಇದರಲ್ಲಿ 0.5ರಷ್ಟು ಬಣ್ಣ ಹಚ್ಚು ಅಂದರು. ಹುಡುಗಿ ಐದು ಪಟ್ಟಿಗೆ ಪೆನ್ಸಿಲ್ ಗೀಚಿದಳು. ಟೀಚರ್ ಅದೇ ಚೌಕಕ್ಕೆ ಮೇಲಿಂದ ಕೆಳಗೆ ಗೆರೆ ಎಳೆದರು. ಈಗ ನೂರು ಮನೆ. ಬಣ್ಣ ಹಚ್ಚಿದ ಮನೆ ಎಷ್ಟು? ಹುಡುಗಿ ಒಂದೊಂದೇ ಎಣಿಸುತ್ತಾ ಹೋದಳು. ಇಪ್ಪತ್ತರ ಹತ್ತಿರ ಬೆರಳು ನಿಂತಿತು. 'ಐವತ್ತು ಮಿಸ್. ಎರಡೂ ಒಂದೇ.' ಟೀಚರ್ ಆಗಲೂ ಏನೂ ಹೇಳಲಿಲ್ಲ. ಹುಡುಗಿ ಚೌಕವನ್ನೇ ನೋಡುತ್ತಾ ಕೂತಳು. ಆಮೇಲೆ ಬೋರ್ಡಿನ ಕಡೆ ನೋಡಿದಳು. 'ಹಾಗಾದ್ರೆ 0.35 ಅಂದ್ರೆ ಮೂವತ್ತೈದು ಮನೆ. 0.5 ಜಾಸ್ತಿ.'

ಪಾಠ ಅಲ್ಲಿಗೆ ಮುಗಿಯಲಿಲ್ಲ. ಟೀಚರ್ ಎದ್ದು, ಮೊದಲೇ ಸರಿ ಉತ್ತರ ಹೇಳಿದ್ದ ಒಬ್ಬ ಹುಡುಗನನ್ನು ಕೇಳಿದರು. ನೀನು 0.5 ದೊಡ್ಡದು ಅಂದೆಯಲ್ಲ, ಯಾಕೆ? 'ಚುಕ್ಕಿ ಆದಮೇಲೆ ಅಂಕಿ ಕಡಿಮೆ ಇದ್ದಷ್ಟೂ ದೊಡ್ಡದು ಮಿಸ್. ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು ಅಲ್ವಾ?' ಟೀಚರ್ ಬೋರ್ಡಿನ ಮೇಲೆ 0.4 ಮತ್ತು 0.73 ಬರೆದರು. ಹುಡುಗ ಧೈರ್ಯವಾಗಿ 0.4 ಅಂದ. ಅವನ ಸರಿ ಉತ್ತರದ ಒಳಗೂ ಒಂದು ತಪ್ಪು ಬಚ್ಚಿಟ್ಟುಕೊಂಡಿತ್ತು! ಸರಿ ಉತ್ತರ ಬಂತು ಅಂತ ಮುಂದೆ ಹೋಗಿದ್ದರೆ ಅದು ಹಾಗೇ ಉಳಿದುಬಿಡುತ್ತಿತ್ತು.

ಈ ಎರಡು ತಪ್ಪುಗಳೂ ಆ ಮಕ್ಕಳದ್ದಷ್ಟೇ ಅಲ್ಲ. ಉದ್ದ ಇದ್ದದ್ದು ದೊಡ್ಡದು, ಗಿಡ್ಡ ಇದ್ದದ್ದು ದೊಡ್ಡದು, ಈ ಎರಡೂ ಯೋಚನೆ ದಶಮಾಂಶ ಕಲಿಯುವ ಮಕ್ಕಳಲ್ಲಿ ಎಲ್ಲ ಕಡೆ ಕಾಣಿಸುತ್ತವೆ. ಮಕ್ಕಳ ತಪ್ಪಿಗೆ ಬಹಳ ಸಲ ಒಂದು ಲೆಕ್ಕಾಚಾರ ಇರುತ್ತದೆ. 52ರಲ್ಲಿ 27 ಕಳೆದು 35 ಬರೆಯುವ ಮಗು ಸುಮ್ನೆ ಏನೋ ಗೀಚಿರುವುದಿಲ್ಲ. ಪ್ರತಿ ಕಂಬಸಾಲಿನಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆದಿರುತ್ತದೆ. ಆ ನಿಯಮವನ್ನು ಯಾವತ್ತೂ ತಪ್ಪದೆ ಪಾಲಿಸುತ್ತಲೂ ಇರುತ್ತದೆ. ಅಂಥ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಇಪ್ಪತ್ತನ್ನೂ ಅದೇ ನಿಯಮದಲ್ಲಿ ಮಾಡಿ, ಆ ನಿಯಮವನ್ನೇ ಗಟ್ಟಿ ಮಾಡಿಕೊಳ್ಳುತ್ತದೆ. ನನಗೆ ಇದು ಬಹಳ ನೋವು ಕೊಡುವ ವಿಷಯ. ದಡ್ಡ ಅನ್ನಿಸಿಕೊಂಡ ಎಷ್ಟೋ ಮಕ್ಕಳು ನಿಜವಾಗಿ ತುಂಬ ನಿಷ್ಠೆಯಿಂದ ಒಂದು ತಪ್ಪು ನಿಯಮ ಪಾಲಿಸುತ್ತಿದ್ದವರು. ಯಾರೂ ಪಕ್ಕದಲ್ಲಿ ಕೂತು ಕೇಳಲಿಲ್ಲ, ಅಷ್ಟೇ.

ಇದಕ್ಕೆ ನೇರವಾದ ಪುರಾವೆಯೂ ಇದೆ. ಫಿಲಿಪ್ ಸ್ಯಾಡ್ಲರ್ ಮತ್ತು ಜೊತೆಗಾರರು ಮಾಧ್ಯಮಿಕ ಶಾಲೆಯ 181 ವಿಜ್ಞಾನ ಟೀಚರ್‌ಗಳ ಮೇಲೆ ಮಾಡಿದ ಅಧ್ಯಯನ 2013ರಲ್ಲಿ ಬಂತು. ಮಕ್ಕಳಿಗೆ ಕೊಟ್ಟ ಪ್ರಶ್ನೆಪತ್ರಿಕೆಯನ್ನೇ ಟೀಚರ್‌ಗಳಿಗೂ ಕೊಟ್ಟರು. ಸರಿ ಉತ್ತರ ಗುರುತು ಹಾಕಿ ಅಂದರು. ಜೊತೆಗೆ, ಮಕ್ಕಳು ಯಾವ ತಪ್ಪು ಉತ್ತರವನ್ನು ಹೆಚ್ಚಾಗಿ ಆರಿಸುತ್ತಾರೆ ಅನ್ನುವುದನ್ನೂ ಗುರುತು ಹಾಕಿ ಅಂದರು. ಸರಿ ಉತ್ತರ ಬಹುತೇಕ ಟೀಚರ್‌ಗಳಿಗೆ ಗೊತ್ತಿತ್ತು. ತಪ್ಪು ಉತ್ತರ ಯಾವುದು ಬರುತ್ತದೆ ಅನ್ನುವುದು ಅಷ್ಟು ಜನಕ್ಕೆ ಗೊತ್ತಿರಲಿಲ್ಲ. ಮಕ್ಕಳು ಸಾಮಾನ್ಯವಾಗಿ ಎಡವುವ ಪ್ರಶ್ನೆಗಳಲ್ಲಿ, ಎರಡೂ ಗೊತ್ತಿದ್ದ ಟೀಚರ್‌ಗಳ ಮಕ್ಕಳೇ ಹೆಚ್ಚು ಕಲಿತಿದ್ದರು. ವಿಷಯ ತಿಳಿದಿರಲೇಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ವಿಷಯ ಮಗುವಿನ ತಲೆಯೊಳಗೆ ಹೋದಾಗ ಎಲ್ಲಿ ತಿರುಚಿಕೊಳ್ಳುತ್ತದೆ ಅನ್ನುವುದು ಬೇರೆಯೇ ತಿಳಿವಳಿಕೆ. ಲೀ ಶುಲ್ಮನ್ 1986ರಲ್ಲಿ ಇದನ್ನು ಬರೀ ವಿಷಯಜ್ಞಾನದಿಂದ ಬೇರೆ ಮಾಡಿ ಹೆಸರಿಟ್ಟು ಹೇಳಿದರು. ಅಲ್ಲಿಂದೀಚೆಗೆ ಟೀಚರ್ ತರಬೇತಿಯ ದಿಕ್ಕೇ ಸ್ವಲ್ಪ ಬದಲಾಯಿತು. ಇದು ಹುಟ್ಟಿನಿಂದ ಬರುವುದಿಲ್ಲ. ನೋಟ್‌ಬುಕ್ ನೋಡಿ ನೋಡಿ ಬರುತ್ತದೆ.

ಹೆಲೆನ್ ಕೆಲ್ಲರ್ ಅವರ ಟೀಚರ್ ಆನ್ ಸಲಿವನ್ ಬಗ್ಗೆ ಮಾತು ಬಂದಾಗಲೆಲ್ಲ ಜನ ನೀರಿನ ಪಂಪಿನ ಘಟನೆ ಹೇಳುತ್ತಾರೆ. 1887ರ ಏಪ್ರಿಲ್ 5. ಕಣ್ಣು ಕಾಣದ, ಕಿವಿ ಕೇಳದ ಆರು ವರ್ಷದ ಮಗು. ಒಂದು ಕೈ ಮೇಲೆ ನೀರು ಸುರಿಯುತ್ತಿದೆ, ಇನ್ನೊಂದು ಅಂಗೈ ಮೇಲೆ ಟೀಚರ್ 'ನೀರು' ಅನ್ನುವ ಪದದ ಅಕ್ಷರಗಳನ್ನು ಬೆರಳಿನಿಂದ ಮೂಡಿಸುತ್ತಿದ್ದಾರೆ. ಆಗ ಮಗುವಿಗೆ ವಸ್ತುವಿಗೆ ಹೆಸರಿರುತ್ತದೆ ಅನ್ನುವುದು ಹೊಳೆಯಿತು. ಅದು ನಿಜ. ಆದರೆ ಅಲ್ಲಿಗೆ ಬಂದದ್ದು ಹೇಗೆ? ಮಗು ಲೋಟ ಅನ್ನುವುದನ್ನೂ ಅದರೊಳಗಿನ ನೀರನ್ನೂ ಸೇರಿಸಿ ಗೊಂದಲ ಮಾಡಿಕೊಳ್ಳುತ್ತಿತ್ತು. ಆ ಗೊಂದಲವನ್ನು ಗುರುತಿಸಿ, ನೀರನ್ನು ಲೋಟದಿಂದ ಬೇರೆ ಮಾಡಿ ಮುಟ್ಟಿಸಲು ಟೀಚರ್ ಪಂಪಿನ ಹತ್ತಿರ ಕರೆದುಕೊಂಡು ಹೋಗಿದ್ದರು. ಅದಾಗಿ ಕೆಲವೇ ದಿನಕ್ಕೆ ಅವರು ಇನ್ನೊಂದು ಕೆಲಸ ಮಾಡಿದರು. ಹೆಲೆನ್‌ಗೆ ಹದಿನೈದು ತಿಂಗಳ ಒಬ್ಬ ಪುಟ್ಟ ನೆಂಟರ ಮಗು ಇತ್ತು. ಟೀಚರ್ ಆ ಮಗುವನ್ನು ನೋಡುತ್ತಾ ಕೂತರು. ಇದಕ್ಕೆ ಯಾರೂ ಪದ ಪದವಾಗಿ ಪಾಠ ಮಾಡುತ್ತಿಲ್ಲ, ಆದರೂ ಹೇಳಿದ್ದು ಅರ್ಥವಾಗುತ್ತಿದೆ. ಸುತ್ತಲಿನವರು ಪೂರ್ತಿ ಮಾತಾಡುತ್ತಾರೆ, ಮಗು ಕೇಳುತ್ತಾ ಕೇಳುತ್ತಾ ಹಿಡಿದುಕೊಳ್ಳುತ್ತದೆ. ಹಾಗಾದರೆ ಹೆಲೆನ್‌ಗೂ ಹಾಗೇ ಮಾಡೋಣ ಅಂತ ತೀರ್ಮಾನಿಸಿ, ಟೈಮ್‌ಟೇಬಲ್ ಇಟ್ಟು ಮಾಡುತ್ತಿದ್ದ ಪಾಠ ನಿಲ್ಲಿಸಿಬಿಟ್ಟರು. ಬೇರೆ ಮಕ್ಕಳ ಕಿವಿಗೆ ಆಡುವ ಮಾತನ್ನು ಇವಳ ಅಂಗೈಗೆ ಆಡಲು ಶುರು ಮಾಡಿದರು. ಅವರಿಗಾಗ ಇನ್ನೂ 21 ವರ್ಷವೂ ತುಂಬಿರಲಿಲ್ಲ. ಕೆಲಸಕ್ಕೆ ಸೇರಿ ಆರು ವಾರವೂ ಆಗಿರಲಿಲ್ಲ. ನಿಮಗೆ ಮೂರು ವರ್ಷದ ಅನುಭವ ಇದೆ.

ಸರಿ, ನೀವು ಏನು ಮಾಡಬಹುದು?

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಇದು ತೀರಾ ಸಣ್ಣದು ಅನ್ನಿಸಬಹುದು. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳ ಟೇಪ್ ಕೇಳಿ ಅಳತೆ ಮಾಡಿದರು. ಪ್ರಶ್ನೆ ಕೇಳಿದ ಟೀಚರ್ ಸರಾಸರಿ 1 ಸೆಕೆಂಡ್ ಅಷ್ಟೇ ಕಾಯುತ್ತಿದ್ದರು. ಆಮೇಲೆ ಇನ್ನೊಬ್ಬರನ್ನು ಎಬ್ಬಿಸುವುದು, ಇಲ್ಲವೇ ತಾವೇ ಉತ್ತರ ಹೇಳುವುದು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು. ಸುಮ್ಮನಿರುವುದು, 'ಗೊತ್ತಿಲ್ಲ' ಅನ್ನುವುದು ಕಡಿಮೆಯಾಯಿತು. ಅದುವರೆಗೆ ಬಾಯಿ ಬಿಡದ ಮಕ್ಕಳೂ ಮಾತಾಡಲು ಶುರು ಮಾಡಿದರು. ಮಗು ಉತ್ತರ ಹೇಳಿದ ಮೇಲೂ 3 ಸೆಕೆಂಡ್ ಕಾಯಬೇಕು, ಯಾಕೆಂದರೆ ಒಳ್ಳೆಯ ಮಾತು ಬಹಳ ಸಲ ಆಗ ಬರುತ್ತದೆ. ಮೊದಲ ವಾರ ತುಂಬ ಕಷ್ಟ. ಕ್ಲಾಸಿನಲ್ಲಿ 3 ಸೆಕೆಂಡಿನ ಮೌನ ಬೆಟ್ಟದಷ್ಟು ದೊಡ್ಡದಾಗಿ ಕಾಣಿಸುತ್ತದೆ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ಮೆತ್ತಗಿನ ದನಿಯವರಿಗೆ ಇದು ಬೇಗ ಒಗ್ಗುತ್ತದೆ ಅನ್ನುವುದು ನಾನು ಕಂಡದ್ದು.

ನೋಟ್‌ಬುಕ್ಕಿನಲ್ಲಿ ಬರೆಯುವುದು ಎರಡನೆಯದು. ನಿಮಗೆ ಕ್ಲಾಸಿನಲ್ಲಿ ಮಾತಿನಿಂದ ಹಿಡಿದಿಡಲು ಆಗದಿದ್ದರೆ ಮಾರ್ಜಿನ್ ಇದೆಯಲ್ಲ, ಅದು ನಿಮ್ಮದೇ ಜಾಗ. ರುತ್ ಬಟ್ಲರ್ 1988ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಮಕ್ಕಳಿಗೆ ಬರೀ ಮಾರ್ಕ್ಸ್, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕ ಮಕ್ಕಳು. ಎರಡೂ ಸಿಕ್ಕವರಿಗೆ ಟಿಪ್ಪಣಿಯಿಂದ ಲಾಭವಾಗಲಿಲ್ಲ. ಮಾರ್ಕ್ಸ್ ಕಂಡ ಕೂಡಲೇ ಮಗುವಿನ ಕಣ್ಣು ಅಲ್ಲೇ ನಿಂತುಬಿಡುತ್ತದೆ ಅಂತ ಕಾಣುತ್ತದೆ. ಶಾಲೆಗೆ ಮಾರ್ಕ್ಸ್ ಬೇಕೇ ಬೇಕು, ಗೊತ್ತು. ಆದರೆ ಪ್ರತಿ ನೋಟ್‌ಬುಕ್ಕಿಗೂ ಬೇಕಾಗಿಲ್ಲ. ವಾರಕ್ಕೊಮ್ಮೆ ಐದು ನೋಟ್‌ಬುಕ್ ಆರಿಸಿಕೊಳ್ಳಿ. ಮಾರ್ಕ್ಸ್ ಹಾಕಬೇಡಿ. 'ಗುಡ್', 'ಇಂಪ್ರೂವ್' ಅಂತಲೂ ಬರೆಯಬೇಡಿ, ಅವು ಏನೂ ಹೇಳುವುದಿಲ್ಲ. ಆ ಲೆಕ್ಕದ ಬಗ್ಗೆ ಒಂದೇ ಸಾಲು ಬರೆಯಿರಿ. 'ಮೂರನೇ ಹೆಜ್ಜೆವರೆಗೆ ಸರಿ ಬಂದಿದ್ದೀಯ. ಇಲ್ಲಿ ಮೈನಸ್ ಎಲ್ಲಿ ಹೋಯಿತು, ನೋಡು.'

ಆ ಸಾಲಿನಲ್ಲಿ ನಿರೀಕ್ಷೆಯೂ ಇರಲಿ. 2014ರಲ್ಲಿ ಡೇವಿಡ್ ಯೇಗರ್ ಮತ್ತು ಜೊತೆಗಾರರ ಒಂದು ಸಣ್ಣ ಪ್ರಯೋಗ ಬಂತು. ಅಮೆರಿಕದ ಏಳನೇ ಕ್ಲಾಸಿನ ಮಕ್ಕಳು ಪ್ರಬಂಧ ಬರೆದರು. ಟೀಚರ್ ತಿದ್ದಿದ ಪ್ರಬಂಧದ ಜೊತೆ ಒಂದು ಚೀಟಿ ಹೋಯಿತು. ಅರ್ಧ ಮಕ್ಕಳ ಚೀಟಿಯಲ್ಲಿ, ಪ್ರಬಂಧದ ಬಗ್ಗೆ ಅಭಿಪ್ರಾಯ ತಿಳಿಸಲು ಇದನ್ನು ಬರೆದಿದ್ದೇನೆ ಅಂತ ಮಾತ್ರ ಇತ್ತು. ಉಳಿದವರ ಚೀಟಿಯಲ್ಲಿ, ನಿನ್ನಿಂದ ದೊಡ್ಡದನ್ನು ನಿರೀಕ್ಷಿಸುತ್ತೇನೆ, ನೀನು ಅಲ್ಲಿಗೆ ಮುಟ್ಟುತ್ತೀಯ ಅಂತ ಗೊತ್ತಿರುವುದಕ್ಕೇ ಇಷ್ಟು ತಿದ್ದಿದ್ದೇನೆ ಅನ್ನುವ ಅರ್ಥದ ಮಾತಿತ್ತು. ಕಪ್ಪು ವರ್ಣದ ಮಕ್ಕಳಲ್ಲಿ ಮೊದಲ ಚೀಟಿ ಸಿಕ್ಕವರ ಪೈಕಿ ಪ್ರಬಂಧವನ್ನು ಮತ್ತೆ ಬರೆದುಕೊಟ್ಟವರು ಶೇ 17. ಎರಡನೇ ಚೀಟಿ ಸಿಕ್ಕವರಲ್ಲಿ ಶೇ 72. ಟೀಚರ್ ನನ್ನನ್ನು ಕೀಳಾಗಿ ನೋಡುತ್ತಿದ್ದಾರೇನೋ ಅಂತ ಅನುಮಾನಿಸಲು ಕಾರಣ ಇರುವ ಮಕ್ಕಳಲ್ಲೇ ಇಷ್ಟು ದೊಡ್ಡ ವ್ಯತ್ಯಾಸ ಕಂಡದ್ದು. ಕೆಂಪು ಇಂಕಿನ ಗೆರೆಗಳನ್ನು ಮಗು ಹೇಗೆ ಓದಿಕೊಳ್ಳುತ್ತದೆ ಅನ್ನುವುದು, ಟೀಚರ್ ತನ್ನನ್ನು ಏನಂದುಕೊಂಡಿದ್ದಾರೆ ಅಂತ ಅದಕ್ಕೆ ಅನ್ನಿಸಿರುವುದರ ಮೇಲೆ ನಿಂತಿದೆ.

ನನ್ನದೇ ಒಂದು ನೆನಪು ಹೇಳಬೇಕು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಬ್ಬ ಮೇಷ್ಟ್ರು ನನ್ನ ಉತ್ತರಪತ್ರಿಕೆಯನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಪ್ರತಿ ತಪ್ಪಿಗೂ ನಿಲ್ಲಿಸಿ, ಎಲ್ಲರೂ ನಕ್ಕ ಮೇಲೆ ಮುಂದಿನದು. ಒಳ್ಳೆಯ ಮಾತುಗಾರರು, ಅವರ ಕ್ಲಾಸಿನಲ್ಲಿ ಯಾವಾಗಲೂ ನಗು. ನಾನು ಆ ವಿಷಯದಲ್ಲಿ ಮತ್ತೆಂದೂ ಕೈ ಎತ್ತಲಿಲ್ಲ. ಆ ಹಾಳೆಯ ಮಡಿಕೆ, ಕಿಟಕಿಯಿಂದ ಬೆಂಚಿನ ಮೇಲೆ ಬಿದ್ದಿದ್ದ ಬಿಸಿಲು, ಎಲ್ಲ ಇವತ್ತಿಗೂ ಕಣ್ಣ ಮುಂದಿದೆ. ಅವರೂ ನೆನಪಿನಲ್ಲಿ ಉಳಿದ ಮೇಷ್ಟ್ರೇ. ಹಾಗಾಗಿ ನೆನಪಿನಲ್ಲಿ ಉಳಿಯಬೇಕು ಅನ್ನುವುದನ್ನು ಗುರಿ ಮಾಡಿಕೊಳ್ಳಬೇಡಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಮಗು ಏನು ಯೋಚಿಸುತ್ತಿದೆ ಅನ್ನುವುದನ್ನು ಗುರಿ ಮಾಡಿಕೊಳ್ಳಿ.

ಮೂರು ವರ್ಷವಾಯಿತು ಅಂತ ಬೇಸರದಿಂದ ಬರೆದಿದ್ದೀರಿ. ಮೂರು ವರ್ಷ ಕಡಿಮೆ. ಲಾಸ್ ಏಂಜಲೀಸ್‌ನ ಗಾರ್‌ಫೀಲ್ಡ್ ಹೈಸ್ಕೂಲಿನ ಗಣಿತದ ಮೇಷ್ಟ್ರು ಹೈಮೆ ಎಸ್ಕಲಾಂಟೆ ಬಗ್ಗೆ ಜನ ಮಾತಾಡುವುದು 1982ರಿಂದ. ಆ ವರ್ಷ ಬಡ ಕುಟುಂಬಗಳ 18 ಮಕ್ಕಳು ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆ ಪಾಸು ಮಾಡಿದರು. 14 ಜನರ ಮೇಲೆ ನಕಲು ಮಾಡಿದ ಅನುಮಾನ ಬಂತು. ಅವರಲ್ಲಿ 12 ಜನ ಮತ್ತೆ ಪರೀಕ್ಷೆ ಬರೆದು ಮತ್ತೆ ಪಾಸಾದರು. ಕಥೆ ಕೇಳಿದರೆ ಒಂದೇ ವರ್ಷದ ಪವಾಡದ ಹಾಗಿರುತ್ತದೆ. ಆದರೆ ಎಸ್ಕಲಾಂಟೆ ಆ ಶಾಲೆಗೆ ಸೇರಿದ್ದು 1974ರಲ್ಲಿ. ಎಂಟು ವರ್ಷ! ಮೊದಲ ವರ್ಷಗಳ ಕ್ಯಾಲ್ಕುಲಸ್ ಕ್ಲಾಸಿನಲ್ಲಿ ಬೆರಳೆಣಿಕೆಯಷ್ಟು ಮಕ್ಕಳಿದ್ದರು.

ಇನ್ನು ಆ ಕೊನೇ ಬೆಂಚಿನ ಹುಡುಗ. ನಿಮ್ಮ ಪತ್ರದಲ್ಲಿ ಅವನಿಗೆ ಒಂದೇ ಸಾಲು ಸಿಕ್ಕಿದೆ, ಆದರೆ ನೀವು ಪತ್ರ ಬರೆದದ್ದು ಅವನಿಗಾಗಿಯೇ ಅಂತ ನನಗೆ ಅನ್ನಿಸಿತು.

ಸಂಗೀತ ಕಲಿಸುತ್ತಿದ್ದ ನಾಡಿಯಾ ಬೂಲಾಂಜೆ ಹತ್ತಿರ 1954ರಲ್ಲಿ ಆಸ್ಟರ್ ಪಿಯಾಜೋಲಾ ಅನ್ನುವ ಅರ್ಜೆಂಟೀನಾದ ಸಂಗೀತಗಾರ ಪ್ಯಾರಿಸ್‌ಗೆ ಬಂದರು. ತಾನು ಬರೆದ ಶಾಸ್ತ್ರೀಯ ಕೃತಿಗಳನ್ನು ಮುಂದಿಟ್ಟರು. ಚೆನ್ನಾಗಿ ಬರೆದಿದ್ದೀರಿ, ಆದರೆ ಇದರಲ್ಲಿ ನೀವೆಲ್ಲಿದ್ದೀರಿ ಅಂತ ಟೀಚರ್ ಕೇಳಿದರು. ಊರಿನಲ್ಲಿ ಏನು ನುಡಿಸುತ್ತಿದ್ದಿರಿ ಅಂತ ಬಿಡದೆ ವಿಚಾರಿಸಿದರು. ಟ್ಯಾಂಗೋ, ಅಂದರೆ ಅವರ ಊರಿನ ಕುಣಿತದ ಸಂಗೀತ, ನುಡಿಸುತ್ತಿದ್ದೆ ಅಂತ ಹೇಳಲು ಪಿಯಾಜೋಲಾಗೆ ನಾಚಿಕೆ. ಕೊನೆಗೆ ತನ್ನದೊಂದು ಟ್ಯಾಂಗೋ ನುಡಿಸಿ ತೋರಿಸಿದರು. ಪಿಯಾಜೋಲಾ ಅಂದರೆ ಇದು, ಇದನ್ನು ಯಾವತ್ತೂ ಬಿಡಬೇಡಿ ಅಂದರು ಟೀಚರ್. ಮುಂದೆ ಟ್ಯಾಂಗೋ ಸಂಗೀತದ ದಾರಿಯನ್ನೇ ಬದಲಿಸಿದವರು ಪಿಯಾಜೋಲಾ.

ನಿಮ್ಮ ಹುಡುಗನೂ ಏನನ್ನಾದರೂ ಬಚ್ಚಿಟ್ಟುಕೊಂಡಿರಬಹುದು, ಅದು ಬರೀ ಹೆದರಿಕೆಯೇ ಆಗಿರಬಹುದು. ಅವನನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಬೇಡಿ. ಮೊದಲು ಅವನಿಗೆ ಅಲ್ಲಿಂದ ಬೋರ್ಡು ಕಾಣುತ್ತದಾ, ನಿಮ್ಮ ಮಾತು ಕೇಳಿಸುತ್ತದಾ ನೋಡಿ. ಕಣ್ಣಿನ, ಕಿವಿಯ ತೊಂದರೆ ಇದ್ದು ಯಾರಿಗೂ ಗೊತ್ತಾಗದೆ ಮೂಲೆ ಸೇರಿದ ಮಕ್ಕಳನ್ನು ನಾನು ಕಂಡಿದ್ದೇನೆ. ಅದೇನೂ ಇಲ್ಲದಿದ್ದರೆ, ಎಲ್ಲರೂ ಲೆಕ್ಕ ಮಾಡುತ್ತಿರುವಾಗ ಅವನ ಬೆಂಚಿಗೆ ಹೋಗಿ ಕೂರಿ. ನೋಟ್‌ಬುಕ್ ನೋಡಿ. ಯಾವುದಾದರೂ ಒಂದು ಹೆಜ್ಜೆಯ ಮೇಲೆ ಬೆರಳಿಟ್ಟು, 'ಇದು ಹೇಗೆ ಬಂತು?' ಅಂತ ಅವನಿಗಷ್ಟೇ ಕೇಳುವ ಹಾಗೆ ಕೇಳಿ. ಕಾಯಿರಿ. ಮಾತು ಬರದಿದ್ದರೆ ಪೆನ್ಸಿಲ್ ಕೊಟ್ಟು ಬರೆದು ತೋರಿಸು ಅನ್ನಿ. ಆಗಲೂ ಇಲ್ಲವಾದರೆ 'ನಾಳೆ ಬರ್ತೀನಿ' ಅಂತ ಹೇಳಿ ಎದ್ದು ಬನ್ನಿ. ಮರುದಿನ ತಪ್ಪದೆ ಹೋಗಿ. ಎರಡು ನಿಮಿಷ ಸಾಕು, ಆದರೆ ದಿನಾ ಹೋಗಬೇಕು.

ಅವನು ಮೊದಲ ಸಲ ಬರೆದು ತೋರಿಸುವುದು ಬಹುಶಃ ತಪ್ಪೇ ಇರುತ್ತದೆ. ಅದನ್ನು ಅಳಿಸಬೇಡಿ. ಅವನು ಬರೆದ ಹಾಗೇ ಒಂದು ಹಾಳೆಯಲ್ಲಿ ಇಳಿಸಿಕೊಂಡು ನನಗೂ ಕಳಿಸಿ. ಅವನು ಹೇಗೆ ಯೋಚಿಸಿದ್ದಾನೆ ಅಂತ ಇಬ್ಬರೂ ಸೇರಿ ನೋಡೋಣ.